ಐದು ಮೂಲೆಯ ಅಲಗು

ನಮ್ಮ ಬಡಿಗ ಮನೆತನಗಳಲ್ಲಿ ಹಸೆಮಣೆಯನ್ನು ಮದುಮಗನೇ ಹೆಣ್ಣಿನ ಅಂಗಳದಲ್ಲಿ ಕೂತು ಮಾಡಬೇಕು. ಲಗ್ನದ ಹಿಂದಿನ ದಿನ ಜಕ್ಕಲಿಯ ಹುಡುಗ ಗಜೇಂದ್ರಗಡದ ನಮ್ಮ ಅಂಗಳದಲ್ಲಿ ಬೈರಿಗೆಯಿಂದ ಮಣೆಗೆ ತೂತು ಕೊರೆಯುತ್ತಿದ್ದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೋಡಿದರೇನು ತಪ್ಪು? ಅದರ ಮೇಲೆ ಕೂರುವವಳು ನಾನೇ ಅಲ್ಲವೇ?

ಅವನ ಬೈರಿಗೆಯ ಅಲಗು ಪಟ್ಟನೆ ಮುರಿಯಿತು. ಅಪ್ಪ ನಗುತ್ತಾ ನಮ್ಮ ಅಲಗನ್ನು ಮುಂದೆ ಹಿಡಿದ. "ತಗೋರಿ. ಆದ್ರ ನಿಮ್ಮ ಬೈರಿಗಿಗೆ ಇದು ಹ್ಯಾಂಗ ಕೂಡ್ತದ?"

ಅದು ತಮಾಷೆಯ ಮಾತು. ಅಲಗಿನ ಬುಡವನ್ನು ಒಂದೊಂದು ಮನೆಯವರು ಒಂದೊಂದು ಆಕಾರಕ್ಕೆ ಉಜ್ಜುತ್ತಾರೆ. ಬೇರೆಯವರ ಬೈರಿಗೆಯಲ್ಲಿ ಅದು ಗಡಗಡ ಅಲುಗುತ್ತದೆ. ನಮ್ಮದು ಐದು ಮೂಲೆಯದು. ಆ ಅಳತೆಯನ್ನು ತಂದೆ ಮಗನಿಗಷ್ಟೇ ಕೊಡುತ್ತಾನೆ.

ಹುಡುಗ ಅಲಗನ್ನು ಒತ್ತಿದ. ಅದು ಕೂದಲೆಳೆಯಷ್ಟೂ ಅಲುಗದೆ ಕೂತುಬಿಟ್ಟಿತು.

ಹುಡುಗನ ಅಜ್ಜ ಅಲಗನ್ನು ತಡವಿ, "ಈ ಅಳತಿ ನಿಮಗ ಎಲ್ಲಿಂದ ಬಂತ್ರಿ?" ಎಂದ.

"ನಮ್ಮಪ್ಪ ದತ್ತು ಬಂದಾವ್ರಿ. ಹಡೆದಪ್ಪ ಈ ಬೈರಿಗಿ ಕೊಟ್ಟು ಕಳಿಸಿದ್ನಂತ," ಎಂದ ಅಪ್ಪ.

ಯಾವ ಊರಿನಿಂದ ಎಂದು ಯಾರೂ ಕೇಳಿರಲೇ ಇಲ್ಲ! ಗೋತ್ರ ಕೇಳಿದ್ದರು, ಜಾತಕ ನೋಡಿದ್ದರು, ನನ್ನ ಹಲ್ಲನ್ನೂ ನೋಡಿದ್ದರು.

"ನಿಮ್ಮಪ್ಪ ನನ್ನ ತಮ್ಮ," ಎಂದ ಮುದುಕ. "ದತ್ತು ತಗೊಂಡಾವ್ರು ಊರು ಬಿಟ್ಟ ಮ್ಯಾಲ ಸುದ್ದೀನ ಇರಲಿಲ್ಲ."

ಸಂಜೆ ಊಟಕ್ಕೆ ಬಡಿಸಲು ನನ್ನನ್ನೇ ಕಳಿಸಿದರು. ಬೆಳಿಗ್ಗೆಯಿಂದ ನಾಚಿ ತಲೆಯೆತ್ತದಿದ್ದ ಹುಡುಗ ಈಗ ನನ್ನ ಮುಖವನ್ನು ನೇರವಾಗಿ ನೋಡಿದ.

"ತಂಗಿ, ಒಂದೀಟು ನೀರು ಹಾಕವಾ."