ಚೀಟಿ ಅಕ್ಕ
ಆಫೀಸಿನಲ್ಲಿ ಎಲ್ಲರೂ ಅವಳನ್ನು ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಸಾಫ್ಟ್‌ವೇರ್ ಹೊರಗೆ ಹೋಗುವ ಮೊದಲು ಕೋಡನ್ನೆಲ್ಲ ಒಂದೇ ಪ್ಯಾಕೇಜಾಗಿ ಕಟ್ಟಿ, ಬರೆದವರು ಯಾರು, ಎಷ್ಟನೇ ಆವೃತ್ತಿ ಎಂದು ತಿಳಿಸುವ ಪುಟ್ಟ ಫೈಲೊಂದನ್ನು, ಅವಳ ಮಾತಿನಲ್ಲಿ 'ಚೀಟಿ'ಯನ್ನು, ಅದರೊಳಗೆ ಸೇರಿಸುವುದು ಅವಳ ಕೆಲಸ. ಸೇರಿಸಿದ ಮೇಲೂ ಜೀವಕ್ಕೆ ನೆಮ್ಮದಿಯಿಲ್ಲ, ಬಿಚ್ಚಿ ನೋಡುವಳು, ಮತ್ತೆ ಕಟ್ಟುವಳು, ಊಟದ ನಡುವೆ ತುತ್ತು ಕೈಯಲ್ಲೇ ಹಿಡಿದು, "ಚೀಟಿ ಒಳಗೆ ಹೋಗಿದೆ ತಾನೇ?" ಎನ್ನುವಳು. "ಮಗೂನ ಮೊದಲ ದಿನ ಸ್ಕೂಲಿಗೆ ಕಳಿಸೋರೂ ಇಷ್ಟು ಪೇಚಾಡಲ್ಲ, ಅಕ್ಕ" ಎಂದು ಜೊತೆಯವರು ನಗುವರು. ಒಮ್ಮೆ ಮೇಲಧಿಕಾರಿ ಆ ಫೈಲಿನಲ್ಲಿ, ಅದೇ ಆಫೀಸಿನಲ್ಲಿ ಕೋಡು ಬರೆಯುತ್ತಿದ್ದ ಅಕ್ಕನ ಗೆಳತಿಯ ಹೆಸರು ನೋಡಿ, "ನಿಮ್ಮ ಗೆಳತಿ ತೀರಿಕೊಂಡು ವರ್ಷವಾಯ್ತಲ್ಲಮ್ಮ, ಅವರ ಹೆಸರು ತೆಗೆದುಬಿಡಿ" ಎಂದರು. ಅಕ್ಕ ಆ ಫೈಲನ್ನು ತೆರೆದಳು. "ಬರೆದವಳು ಅವಳೇ ಅಲ್ವಾ ಸಾರ್. ಕೋಡಿನ ಬಗ್ಗೆ ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ನನ್ನ ಕೇಳಲಿ" ಎಂದು, ಗೆಳತಿಯ ಹೆಸರಿನ ಕೆಳಗೆ ತನ್ನ ಹೆಸರನ್ನೂ ಸೇರಿಸಿದಳು.