ಬಟ್ಟಲಿನ ತಳದ ಹೆಸರು

ಸರಕಾರ ಕೊಡುವ ಪಿಂಚಣಿಗೆ ಉಗಾರದ ನಮ್ಮ ಓಣಿಯಲ್ಲಿ ಸಂಬಳವೆಂಬಂತೆ ‘ಪಗಾರ’ ಎನ್ನುತ್ತಾರೆ. ಪಕ್ಕದ ಮನೆಯ ಆಯಿಗೆ ವಯಸ್ಸಾದವರ ಪಗಾರ, ನನಗೆ ವಿಧವೆಯರದು. ಶನಿವಾರ ಸಂಜೆ ಇಬ್ಬರೂ ಭಜನೆಗೆ ಹೋದರೆ ಹೆಂಗಸರು ನಗುತ್ತಿದ್ದರು: “ಪಗಾರದಾರ ಬಂದ್ರು, ಜಾಗಾ ಬಿಡ್ರಿ!”

ಆಯಿ ತಾಳ ಎತ್ತಿಕೊಳ್ಳುತ್ತ, “ಹೌದ್ರಿ, ಇವತ್ತ ಸಾಹೇಬ ರಜಾ ಕೊಟ್ಟಾನ” ಎನ್ನುತ್ತಿದ್ದಳು. ಗಂಡ ಹೋದ ಮೇಲೆ ನಾನು ನಾಲ್ಕು ಜನರ ನಡುವೆ ಕೂರುತ್ತಿದ್ದುದು ಅದೊಂದೇ ಹೊತ್ತು.

ಒಮ್ಮೆ ಆಯಿ ಸ್ಟೀಲ್ ಬಟ್ಟಲಿನಲ್ಲಿ ಗೋಧಿ ಹುಗ್ಗಿ ತಂದುಕೊಟ್ಟಳು. ನಮ್ಮಲ್ಲಿ ಯಾರದೇ ಬಟ್ಟಲನ್ನು ಬರಿದಾಗಿ ಮರಳಿಸುವುದಿಲ್ಲ. ಚಿಟಿಕೆ ಸಕ್ಕರೆಯಾದರೂ ಇರಬೇಕು. ಹುಗ್ಗಿ ಉಂಡು ಚಿಟಿಕೆ ಸಕ್ಕರೆ ಕೊಡಲು ನನಗೆ ಮನಸ್ಸಾಗಲಿಲ್ಲ. ಪಗಾರ ಬಂದ ಮೇಲೆ ಏನಾದರೂ ಮಾಡಿ ಕೊಟ್ಟರಾಯಿತು ಎಂದುಕೊಂಡೆ. ಆ ತಿಂಗಳು ಬರಲಿಲ್ಲ, ಮುಂದಿನ ತಿಂಗಳೂ ಇಲ್ಲ. ಗೋಡೆಯ ಗೂಡಿನಲ್ಲಿಟ್ಟ ಬಟ್ಟಲು ನಾನು ಎಲ್ಲಿ ಕೂತರೂ ನನ್ನನ್ನೇ ನೋಡುತ್ತಿತ್ತು. ಆಯಿಗೆ ಮುಖ ತೋರಿಸಲಾರದೆ ಭಜನೆ ಬಿಟ್ಟೆ.

ಶನಿವಾರ ಅವಳು ಬಾಗಿಲು ಬಡಿದಳು.

“ಒಳಗ ಅದಿಯೇನ ಬೇ?”

ಒಲೆಯ ಮುಂದೆ ಉಸಿರು ಬಿಗಿಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಅವಳು ತನ್ನಷ್ಟಕ್ಕೆ ಅಂದುಕೊಂಡದ್ದು ಕೇಳಿಸಿತು: “ಚಪ್ಪಲ್ ಅದಾವ, ಆಕಿ ಇಲ್ಲ.”

ಮೂರು ಶನಿವಾರ ಹಾಗೆ ಬಂದು ಕರೆದಳು. ನಾಲ್ಕನೆಯದು ಬರುವ ಮೊದಲೇ ತೀರಿಕೊಂಡಳು.

ಪಗಾರ ಬಂದಾಗ ಹುಗ್ಗಿ ಮಾಡಿ, ಬಟ್ಟಲು ತುಂಬಿ, ಆಯಿಯ ಸೊಸೆಗೆ ಕೊಟ್ಟೆ. ಆಕೆ ಹುಗ್ಗಿ ಸುರುವಿಕೊಂಡು, ಬಟ್ಟಲು ತೊಳೆದು, ಬೋರಲು ಹಾಕಿ ನೋಡಿದಳು.

“ಕಾಕು, ಇದು ನಿಮ್ದ ಐತ್ರಿ. ತಳದಾಗ ಕಾಕಾರ ಹೆಸರ ಐತಿ ನೋಡ್ರಿ. ಅವರ ವರ್ಷದ ತಿಥಿಗೆ ನೀವ ಹುಗ್ಗಿ ಹಾಕಿ ಕಳಿಸಿದ್ರಿ. ಬರೇ ಬಟ್ಟಲ ಹ್ಯಾಂಗ ಕೊಡೂದಂತ ಅತ್ತಿ ಭಾಳ ದಿನ ಇಟ್ಕೊಂಡು, ಆಮ್ಯಾಲ ಹುಗ್ಗಿ ತುಂಬಿ ನಿಮಗ ಕೊಟ್ಟಿದ್ರು.”

ಎಲ್ಲರ ಮನೆಯಲ್ಲೂ ಅಂಥವೇ ಬಟ್ಟಲುಗಳು. ತಳದಲ್ಲಿ ನನ್ನ ಗಂಡನ ಹೆಸರಿದ್ದುದನ್ನು ನಾನು ತಿರುವಿ ನೋಡಿರಲೇ ಇಲ್ಲ. ಅಷ್ಟು ದಿನ ಅದನ್ನು ಮನೆಯಲ್ಲಿಟ್ಟುಕೊಂಡೂ ಆಯಿ ಒಂದು ಶನಿವಾರವೂ ನನ್ನನ್ನು ಕರೆಯದೆ ಹೋಗಿರಲಿಲ್ಲ.

ಸೊಸೆ ಬಟ್ಟಲಿಗೆ ಚಿಟಿಕೆ ಸಕ್ಕರೆ ಹಾಕಿ ನನ್ನ ಕೈಗಿಟ್ಟಳು.

ಈಗಲೂ ಶನಿವಾರ ಆ ಹೊತ್ತಿಗೆ ಬಾಗಿಲಾಚೆ ಯಾರೋ ನಿಂತಂತಾಗುತ್ತದೆ. “ಅದೀನಿ, ಆಯಿ” ಎಂದು ಗಟ್ಟಿಯಾಗಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಭಜನೆಗೆ ಹೋಗುತ್ತೇನೆ.