ಬೆಂಕಿ ಹಗ್ಗ ದಾಟಿಸುತ್ತಿದ್ದ ಅಕ್ಕ

ಕುಣಿಗಲ್ಲಿನ ನಮ್ಮ ಮನೆಗೆ ಟಿವಿ ಗೇಮ್ ತಂದುಕೊಟ್ಟವನು ತುಮಕೂರಿನ ಮಾವ. ಒಂದು ಹಳದಿ ಕ್ಯಾಸೆಟ್, ಎರಡು ರಿಮೋಟ್. ಒಂದು ರಿಮೋಟ್ ಬಂದ ವಾರಕ್ಕೇ ಕೆಟ್ಟಿತು, ಹಾಗಾಗಿ ನಾನೂ ಅಕ್ಕನೂ ಸರದಿಯಂತೆ ಆಡುತ್ತಿದ್ದೆವು. ಆಗ ನನಗೆ ಹನ್ನೊಂದು, ಅವಳಿಗೆ ಇಪ್ಪತ್ತೊಂದು. ಆಡಲು ಕೂತರೆ ಈ ವ್ಯತ್ಯಾಸ ಅವಳಿಗೂ ನೆನಪಿರುತ್ತಿರಲಿಲ್ಲ.

ಕುಳ್ಳ ಮನುಷ್ಯನೊಬ್ಬ ಓಡುತ್ತ, ಹಾರುತ್ತ ಮೂರು ಹಂತ ಮುಗಿಸಿದರೆ ನಾಲ್ಕನೆಯದು ಕೋಟೆ. ಅಲ್ಲಿ ಸಾಲಾಗಿ ಪೋಣಿಸಿದ ಬೆಂಕಿಯುಂಡೆಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತಲೇ ಇರುತ್ತಿದ್ದವು. ನಾವದನ್ನು ಬೆಂಕಿ ಹಗ್ಗ ಅನ್ನುತ್ತಿದ್ದೆವು. ತಗುಲಿದರೆ ಸತ್ತ. ಮೂರು ಸಲ ಸತ್ತರೆ, ಇಲ್ಲವೇ ಕರೆಂಟ್ ಹೋದರೆ, ಮತ್ತೆ ಮೊದಲಿನಿಂದ ಶುರು. ಕರೆಂಟಂತೂ ಹೋಗದ ದಿನವಿರಲಿಲ್ಲ.

ತಾಳ್ಮೆ ಅನ್ನುವುದು ನನಗೆ ಮೊದಲಿಂದಲೂ ಇಲ್ಲ. ನೋಡದೆ ನುಗ್ಗುತ್ತಿದ್ದೆ, ಸಾಯುತ್ತಿದ್ದೆ, ರಿಮೋಟ್ ಎಸೆಯುತ್ತಿದ್ದೆ. ಅಕ್ಕ ಅದನ್ನೆತ್ತಿಕೊಂಡು, ಹಗ್ಗದಾಟದಲ್ಲಿ ಇಬ್ಬರು ಬೀಸುವ ಹಗ್ಗದೊಳಗೆ ನುಗ್ಗುವ ಮುಂಚೆ ಮಾಡುವ ಹಾಗೆ ಗದ್ದವನ್ನು ಮೇಲೆ ಕೆಳಗೆ ಆಡಿಸಿ, ಸಮಯ ನೋಡಿ ದಾಟಿಸಿಬಿಡುತ್ತಿದ್ದಳು.

"ಬೆಂಕಿ ನೋಡ್ಬೇಡ ಕಣೇ, ಸಂದಿ ನೋಡು," ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳನ್ನು ಸಿ.ಎಸ್. ಪುರಕ್ಕೆ ಮದುವೆ ಮಾಡಿಕೊಟ್ಟರು. ನಾನು ಅತ್ತಿದ್ದನ್ನು ನೋಡಿ ನೆಂಟರೆಲ್ಲ ಮರುಗಿದರು. ನಿಜಕ್ಕೂ ನನಗೆ ಬಂದದ್ದು ಸಿಟ್ಟು. ಆ ಸಿಟ್ಟಿನಲ್ಲೇ ಕೂತು, ಅವಳಂತೆ ಗದ್ದ ಆಡಿಸಿ, ವಾರದೊಳಗೆ ಬೆಂಕಿ ಹಗ್ಗ ದಾಟುವುದನ್ನು ಕಲಿತೆ. ಆದರೆ ಭಾನುವಾರ ಅವಳು ಫೋನ್ ಮಾಡಿ "ದಾಟಿದ್ಯೇನೇ?" ಎಂದಾಗ, "ಇಲ್ಲ, ನೀನೇ ಬಂದು ದಾಟ್ಸು," ಎಂದೆ. ಮುಂದಿನ ಭಾನುವಾರಗಳಲ್ಲೂ ಅದೇ ಸುಳ್ಳು.

ಗೌರಿ ಹಬ್ಬಕ್ಕೆ ಬಂದಳು. ಊಟವಾದ ಮೇಲೆ ನಾನು ಕೋಟೆಯ ತನಕ ಆಡಿ ರಿಮೋಟ್ ಅವಳ ಕೈಗಿಟ್ಟೆ. ಮೊದಲ ಸಲ ಸತ್ತಾಗ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡಳು. ಎರಡನೆಯ ಸಲವೂ ಸತ್ತಳು. ಗದ್ದ ಆಡಿಸುವುದನ್ನೇ ಮರೆತಿದ್ದಳು. "ಕೈ ಹೋಗ್ಬುಟ್ಟಿದೆ ಕಣೇ," ಎಂದು ನಕ್ಕಳು, ಆದರೆ ಮುಖ ಸಣ್ಣಗಾಗಿತ್ತು. ಅವಳು ಬಂದರೆ ಸಾಕು ಅಂದುಕೊಂಡಿದ್ದೆನೇ ಹೊರತು, ಹೀಗಾದೀತು ಎಂದು ನನಗೆ ಹೊಳೆದಿರಲಿಲ್ಲ. ಉಳಿದಿದ್ದ ಕೊನೆಯ ಸಲಕ್ಕೆ ರಿಮೋಟನ್ನು ನನ್ನ ಕಡೆ ತಳ್ಳಿದಳು.

ಸಾಯಬೇಕೆಂದೇ ಶುರು ಮಾಡಿದೆ. ಹಾಳು ಗದ್ದ ತಾನಾಗಿ ಆಡಿತು, ಬೆರಳು ಒತ್ತಿತು, ದಾಟಿಬಿಟ್ಟೆ.

ಅಕ್ಕ ಟಿವಿ ಬಿಟ್ಟು ನನ್ನನ್ನೇ ನೋಡಿದಳು. "ಯಾವಾಗ್ ಕಲ್ತೆ?"

"ನೀನ್ ಮದ್ವೆಯಾಗಿ ಹೋದ್ ವಾರಾನೇ."

"ಮತ್ತೆ ಫೋನಲ್ಲಿ ಬರಲ್ಲ ಅಂತಿದ್ದೆ?"

"ಬರುತ್ತೆ ಅಂದಿದ್ರೆ ನೀನ್ ಬರ್ತಿದ್ಯಾ?"

ಅವಳ ಕಣ್ಣು ತುಂಬಿತು. ರಿಮೋಟ್ ಕಿತ್ತುಕೊಂಡು, ಆಟವನ್ನು ಮೊದಲಿನಿಂದ ಹಾಕಿ, "ಈಗ ನೀನ್ ನಂಗೆ ಹೇಳ್ಕೊಡು," ಎಂದಳು. ಸಂಜೆಯ ಬಸ್ಸಿಗೆ ಹೊರಡಬೇಕಿದ್ದವಳು ಮಾರನೆಯ ದಿನ ಬೆಳಿಗ್ಗೆ ಹೋದಳು.